ಕಪಿಲೆಯ ಕಡತ

ಪಹಣಿಯಲ್ಲಿ ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು, ಒಬ್ಬ ಖಾತೆದಾರ, ಎಕರೆ ಗುಂಟೆಯ ಲೆಕ್ಕ ಇರುತ್ತದೆ. ಉಳುಮೆಗೆ ಒದಗದ್ದು ಖರಾಬು. ಅದರಲ್ಲೂ ಹಳ್ಳ, ದಾರಿಯಂಥ ಎಲ್ಲರಿಗೂ ಸೇರಿದ ಜಾಗ ‘ಬ’ ಖರಾಬು. ಕಂದಾಯ ಹುಟ್ಟದ ಕಡೆ ಬರಹವೂ ಹುಟ್ಟುವುದಿಲ್ಲ. ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ, ದೇವನೂರಿನ ಸುತ್ತುಮುತ್ತ, ಹೊಳೆ ಎಂದರೆ ಸಾಕು, ಅದು ಕಪಿಲೆಯೇ. ಇಲ್ಲಿನ ಗದ್ದೆ, ಗುಡಿ, ಜಾತ್ರೆ, ಸೇತುವೆ ಎಲ್ಲದರಲ್ಲೂ ಅದರ ಪಾಲಿದೆ. ಅದರ ಚರಿತ್ರೆ ಬರೆಯಬೇಕೆಂದು ಕಾಗದಪತ್ರಗಳ ಬೆನ್ನು ಹತ್ತಿದಾಗ ನನಗೆ ಮೊದಲು ತಿಳಿದದ್ದು ಇಷ್ಟು: ಹೊಳೆಯ ಹೆಸರಿಗೊಂದು ಕಡತ ಇಡುವ ಪದ್ಧತಿ ನಮ್ಮ ಕಂದಾಯ ವ್ಯವಸ್ಥೆಯಲ್ಲೇ ಇಲ್ಲ. ದಾನ, ಸುಂಕ, ಸೇತುವೆ, ರೈಲು, ನೀರಿನ ಜಗಳ ಇವುಗಳ ಕಡತಗಳಿವೆ. ಬೇರೆ ಯಾವುದಕ್ಕೋ ಬರೆದಿಟ್ಟ ಆ ಕಾಗದಗಳ ಅಂಚಿನಲ್ಲಿ ಹೊಳೆ ಹರಿಯುತ್ತದೆ. ಅದನ್ನು ಅಲ್ಲಿಂದಲೇ ಹೆಕ್ಕಬೇಕು.

ದೇವನೂರಿನ ಜನರ ಬದುಕು ಕನ್ನಡದಲ್ಲಿ ಬರಹವಾಗಿದೆ. ದೇವನೂರ ಮಹಾದೇವರ ‘ದ್ಯಾವನೂರು’ ಕತೆಗಳಿಂದ, 1984ರ ‘ಕುಸುಮಬಾಲೆ’ಯಿಂದ ಈ ಸೀಮೆಯ ಮಾತಿನ ದನಿ ನಾಡಿಗೆಲ್ಲ ಕೇಳಿಸಿತು. ಗುರುಮಲ್ಲೇಶ್ವರರ ದಾಸೋಹ ಮಠದ ಹೆಸರೂ ದೂರದವರೆಗೆ ಹೋಗಿದೆ. ಹೊಳೆಗೆ ಮಾತ್ರ ಅಂಥ ಬರಹಗಾರ ಒದಗಿದ್ದು ಕಡಿಮೆ. ಒದಗಿದ್ದರೂ ಅವನು ತನ್ನ ತಾಲ್ಲೂಕಿನ ಗಡಿಯಲ್ಲೇ ನಿಂತಿದ್ದಾನೆ.

ಹೊಳೆಯೇನೋ ನಿಂತಿಲ್ಲ. ಕೇರಳದ ವಯನಾಡಿನಲ್ಲಿ ಪನಮರಂ ಹೊಳೆ, ಮಾನಂದವಾಡಿ ಹೊಳೆ ಎಂಬ ಎರಡು ಸೇರಿ ಕಬಿನಿ, ಅಂದರೆ ನಮ್ಮ ಕಪಿಲೆ, ಆಗುತ್ತದೆ. ಪನಮರಂ ಹೊಳೆಯ ಮೂಲ ಪೂಕೋಡು ಕೆರೆಯ ಕಡೆಗಿದೆ. ಕೇರಳದ 44 ನದಿಗಳಲ್ಲಿ 41 ಪಡುವಣ ಕಡಲಿಗೆ ಹೋದರೆ ಮೂರು ಮಾತ್ರ ಮೂಡಣಕ್ಕೆ ತಿರುಗುತ್ತವೆ. ಭವಾನಿ, ಪಾಂಬಾರ್ ಜತೆಗೆ ನಮ್ಮ ಕಬಿನಿ ಮೂರನೆಯದು. ಬೈರಕುಪ್ಪೆಯ ಬಳಿ ಅದೇ ಎರಡು ರಾಜ್ಯಗಳ ಎಲ್ಲೆ. ಈ ದಡ ಕರ್ನಾಟಕ, ಆ ದಡ ಕೇರಳ, ನಡುವೆ ದೋಣಿ. ಅಲ್ಲಿಂದ ಹೆಗ್ಗಡದೇವನಕೋಟೆಯ ಕಾಡು ದಾಟಿ, ನುಗು ಹೊಳೆಯನ್ನು ಕೂಡಿಸಿಕೊಂಡು, ನಂಜನಗೂಡಿನಲ್ಲಿ ಗುಂಡ್ಲುಪೇಟೆ ಕಡೆಯಿಂದ ಬರುವ ಕೌಂಡಿನ್ಯಾ ಅಂದರೆ ಗುಂಡ್ಲು ಹೊಳೆಯನ್ನು ಸೇರಿಸಿಕೊಂಡು, ಸುತ್ತೂರಿನ ಪಕ್ಕ ಹಾದು, ನರಸೀಪುರದಲ್ಲಿ ಕಾವೇರಿಗೆ ತನ್ನನ್ನು ಒಪ್ಪಿಸಿಬಿಡುತ್ತದೆ. ಕಬಿನಿ, ಕಪಿನಿ, ಕಬ್ಬನಿ, ಕಪಿಲಾ ಎಂದು ಒಂದೊಂದು ಗ್ರಂಥದ ಸೂಚಿಯಲ್ಲಿ ಒಂದೊಂದು ಹೆಸರು. ಹುಡುಕುವವರು ಎಲ್ಲ ಹೆಸರುಗಳ ಅಡಿಯಲ್ಲೂ ನೋಡಬೇಕು.

ಬರಹದಲ್ಲಿ ಈ ಕಣಿವೆಯ ಮೊದಲ ಗುರುತು ಸಿಗುವುದು ಕನ್ನಡದಲ್ಲೂ ಅಲ್ಲ, ಸಂಸ್ಕೃತದಲ್ಲೂ ಅಲ್ಲ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕುಳಿತು ಟಾಲೆಮಿ ಗ್ರೀಕಿನಲ್ಲಿ ಬರೆದ ‘ಭೂಗೋಳ’ದಲ್ಲಿ ಅದಿದೆ. ಆ ಗ್ರಂಥದ ಏಳನೆಯ ಭಾಗದಲ್ಲಿ ಭಾರತದ ಒಳನಾಡಿನ ಊರುಗಳ ಪಟ್ಟಿ ಬರುತ್ತದೆ. ಅದರಲ್ಲಿ ‘ಪೌನ್ನಾಟ’ ಎಂಬ ಹೆಸರು, ಅದರ ಜತೆಗೆ ಬೆರಿಲ್ ಎಂಬ ಹರಳು ಸಿಗುವ ಜಾಗ ಎಂಬ ಮಾತು. ಮೆಕ್ರಿಂಡಲ್ 1885ರಲ್ಲಿ ಅದನ್ನು ಇಂಗ್ಲಿಷಿಗೆ ತಂದು ಪುಸ್ತಕ ಮಾಡಿದ. ಇದು ಪುನ್ನಾಟ ರಾಜ್ಯವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದರ ರಾಜಧಾನಿ ಕೀರ್ತಿಪುರ ಎಂದರೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿಯ ದಡದ ಮೇಲಿದ್ದ ಕಿತ್ತೂರು. ಟಾಲೆಮಿಗೆ ಹರಳಿನ ಸುದ್ದಿ ಬೇಕಿತ್ತು, ಹೊಳೆಯ ಸುದ್ದಿ ಬೇಕಿರಲಿಲ್ಲ. ಹರಳು ಕೊಳ್ಳುವ ವ್ಯಾಪಾರಿಗಳ ಬಾಯಿಂದ ಕೇಳಿದ ಊರಿನ ಹೆಸರು ಅಲೆಕ್ಸಾಂಡ್ರಿಯಾಕ್ಕೆ ಮುಟ್ಟಿತು. ಆ ಊರನ್ನು ಸಾಕಿದ ನೀರಿನ ಹೆಸರು ದಾರಿಯಲ್ಲೇ ಉಳಿಯಿತು.

ಅದೇ ಗ್ರಂಥದ ಆಫ್ರಿಕಾದ ಭಾಗ ತೆರೆದರೆ ನೈಲ್ ನದಿಯ ಮೂಲದ ಮಾತು ಬರುತ್ತದೆ. ಚಂದ್ರಪರ್ವತಗಳ ಹಿಮ ಕರಗಿ ಸರೋವರಗಳಿಗೆ ಇಳಿದು ನೈಲ್ ಆಗುತ್ತದೆ ಎಂದು ಟಾಲೆಮಿ ಬರೆದ. ಆ ಒಂದು ಮಾತು ಮಧ್ಯ ಆಫ್ರಿಕಾದ ನಕ್ಷೆಗಳ ಮೇಲೆ ಸಾವಿರದೇಳುನೂರು ವರ್ಷ ಕೂತಿತ್ತು. ಡೇವಿಡ್ ಲಿವಿಂಗ್‌ಸ್ಟನ್ ಲುವಾಲಾಬಾ ಎಂಬ ದೊಡ್ಡ ಹೊಳೆಯನ್ನು ಕಂಡು, ಇದು ನೈಲ್‌ನ ಮೇಲ್ಹರಿವೇ ಇರಬೇಕೆಂಬ ನಂಬಿಕೆಯಲ್ಲೇ 1873ರಲ್ಲಿ ಬಾಂಗ್ವೆಯುಲು ಸರೋವರದ ಬಳಿ ತೀರಿಕೊಂಡ. ಅದು ನೈಲ್ ಅಲ್ಲ, ಕಾಂಗೊ ಎಂದು ಖಚಿತವಾದದ್ದು ಸ್ಟ್ಯಾನ್ಲಿ ಅದರ ಹರಿವಿನ ಜತೆಗೇ ಇಳಿದು 1877ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಕಡಲಿನ ಕಡೆಯ ಬೋಮಾ ಮುಟ್ಟಿದಾಗ. ನಕ್ಷೆ ಪೂರ್ತಿಯಾಗಿ ಎಂಟು ವರ್ಷ ತುಂಬುವಷ್ಟರಲ್ಲಿ, 1885ಕ್ಕೆ, ಆ ಜಲಾನಯನದ ಬಹುಪಾಲು ಬೆಲ್ಜಿಯಂನ ರಾಜ ಲಿಯೊಪೋಲ್ಡನ ಸ್ವಂತ ಸೊತ್ತಾಗಿತ್ತು. ಆ ದಡದ ಮೀನುಗಾರರಿಗೆ, ದೋಣಿಯವರಿಗೆ ತಮ್ಮ ಪಾಲಿನ ಹೊಳೆ ಮೊದಲೂ ಗೊತ್ತಿತ್ತು. ಕಾಗದದ ಮೇಲೆ ಬಂದದ್ದು ಮಾತ್ರ ಅದನ್ನು ಆಳಲು ಹೊರಟವರ ಬರಹ. ನದಿಗಳ ದಾಖಲೆ ಹುಡುಕುವಾಗ ಇದನ್ನು ಮರೆಯಬಾರದು. ಕಾವೇರಿ ಕಣಿವೆಯಲ್ಲೂ ಹೀಗೇ ಆಯಿತು, ಅದು ಮುಂದೆ ಬರುತ್ತದೆ.

ಪುನ್ನಾಟದ ಜಾಡು ಅಲ್ಲಿಗೇ ನಿಲ್ಲುವುದಿಲ್ಲ. ತಾಮ್ರಶಾಸನಗಳು ಪುನ್ನಾಟದ ಅರಸರ ವಂಶ ಹೇಳುತ್ತವೆ. ಸ್ಕಂದವರ್ಮನ ಮಗಳನ್ನು ಗಂಗರ ಅವಿನೀತ ಮದುವೆಯಾದ, ಅವರ ಮಗ ದುರ್ವಿನೀತ. ಆಮೇಲೆ ಪುನ್ನಾಟ ಗಂಗರ ರಾಜ್ಯದೊಳಗೆ ಸೇರಿಹೋಯಿತು. ಈ ಮದುವೆಯನ್ನು ನಕ್ಷೆಯ ಮೇಲಿಟ್ಟು ನೋಡಿ. ಹೆಣ್ಣಿನ ತವರು ಕಬಿನಿಯ ಮೇಲ್ಗಡೆಯ ಕಿತ್ತೂರು. ಗಂಡಿನ ಮನೆ ನರಸೀಪುರದ ಕೂಡಲಿನಿಂದ ಕೆಳಗೆ, ಕಾವೇರಿಯ ದಡದ ತಲಕಾಡು. ಎರಡು ರಾಜಧಾನಿಗಳ ನಡುವಿನ ಹೆದ್ದಾರಿ ಎಂದರೆ ಇದೇ ಕಣಿವೆ, ನಂಜನಗೂಡು, ದೇವನೂರುಗಳ ಸೀಮೆ. ಶಾಸನಕಾರರು ಮದುವೆಯನ್ನು ವಂಶದ ಮಾತಾಗಿ ಬರೆದರು. ನನಗೆ ಅದು ಒಂದು ಹೊಳೆಯ ಮೇಲ್ಗಡೆ ಮತ್ತು ಕೆಳಗಡೆಗಳು ಕೂಡಿದ ಕತೆಯಾಗಿ ಕಾಣುತ್ತದೆ.

ಇನ್ನೂ ಬೆರಗಿನ ಸಂಗತಿ ಗುಜರಾತಿನಲ್ಲಿದೆ. ಜೈನ ಕವಿ ಜಿನಸೇನ 783ರಲ್ಲಿ, ಇಂದಿನ ವಢವಾಣ್ ಎಂದು ಗುರುತಿಸಲಾಗಿರುವ ವರ್ಧಮಾನಪುರದಲ್ಲಿ ಸಂಸ್ಕೃತ ಹರಿವಂಶಪುರಾಣ ಬರೆದ. ತನ್ನದು ‘ಪುನ್ನಾಟ ಸಂಘ’ ಎಂದು ಹೇಳಿಕೊಂಡ. ಅದೇ ಸಂಘದ ಹರಿಷೇಣ ಹತ್ತನೆಯ ಶತಮಾನದ ‘ಬೃಹತ್ಕಥಾಕೋಶ’ದಲ್ಲಿ ಜೈನ ಮುನಿ ಭದ್ರಬಾಹುವಿನ ಸಂಘ ಪುನ್ನಾಟ ವಿಷಯಕ್ಕೆ, ಅಂದರೆ ಪುನ್ನಾಟ ನಾಡಿಗೆ, ಬಂತೆಂದು ಬರೆದ. ಕಪಿಲೆಯ ದಡ ಬಿಟ್ಟು ನೂರಾರು ಮೈಲಿಯಾಚೆ ಹೋದ ಮುನಿಗಳು ತಲೆಮಾರುಗಳ ನಂತರವೂ ಈ ನಾಡಿನ ಹೆಸರು ಹೊತ್ತಿದ್ದರು. ರಾಜ್ಯ ಅಳಿದು, ರಾಜಧಾನಿ ಹಳ್ಳಿಯಾದ ಮೇಲೂ ಹೆಸರು ಸೌರಾಷ್ಟ್ರದಲ್ಲಿ ಬದುಕಿತ್ತು. ಈ ಕಣಿವೆಯ ಮಕ್ಕಳಿಗೆ ಶಾಲೆಯಲ್ಲಿ ಇದನ್ನು ಹೇಳಿಕೊಡಬೇಕೆಂದು ನನ್ನ ಆಸೆ.

ಕಲ್ಬರಹಗಳಿಗೆ ಬಂದರೆ ಎಪಿಗ್ರಾಫಿಯಾ ಕರ್ನಾಟಿಕ. ಬಿ.ಎಲ್. ರೈಸ್ ಅದರ ಮೂರನೆಯ ಸಂಪುಟವನ್ನು 1894ರಲ್ಲಿ ಹೊರತಂದ. ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಹೆಗ್ಗಡದೇವನಕೋಟೆಯವು 1898ರ ನಾಲ್ಕನೆಯ ಸಂಪುಟಕ್ಕೆ ಹೋದವು. ವಯನಾಡು ಆಗ ಮದರಾಸು ಆಧಿಪತ್ಯದ ಮಲಬಾರ್ ಜಿಲ್ಲೆ, ಅದರ ದಾಖಲೆಯೇ ಬೇರೆ. ತಾಲ್ಲೂಕುವಾರು ಜೋಡಿಸಿದ್ದರಿಂದ ಒಂದೇ ದಡದ ಕಲ್ಲುಗಳು ಮೂರು ಕಡೆ ಚೆದರಿದವು. ಅವು ನೀರಿನ ವಿಷಯ ಹೇಳುವುದೂ ಅಪರೂಪ. ಗಂಗರ ತಾಮ್ರಪಟಗಳಲ್ಲಿ ಹೊಗಳಿಕೆಯೆಲ್ಲ ಸಂಸ್ಕೃತದಲ್ಲಿದ್ದು, ದಾನಕೊಟ್ಟ ಹಳ್ಳಿಯ ಎಲ್ಲೆ ಹೇಳುವಲ್ಲಿ ಮಾತು ಕನ್ನಡಕ್ಕೆ ಇಳಿಯುತ್ತದೆ. ಮೂಡಲಲ್ಲಿ ಈ ಹುಣಸೆ ಮರ, ತೆಂಕಲಲ್ಲಿ ಆ ಹುತ್ತ, ಪಡುವಲಲ್ಲಿ ಹಳ್ಳ ಎಂಬ ರೀತಿ. ಜಾಗ ತಿಳಿದವನು ಊರ ಗೌಡ, ಅವನ ಮಾತು ಕನ್ನಡ, ಆದ್ದರಿಂದ ಪಟ್ಟದ ಭಾಷೆ ಅಲ್ಲಿ ಸುಮ್ಮನಾಗುತ್ತದೆ. ನೀರು ದಾಖಲೆಗೆ ಬಂದದ್ದು ಹೀಗೆ, ಒಬ್ಬರ ನೆಲ ಮುಗಿಯುವ ಗೆರೆಯಾಗಿ. ಸಾವಿರ ವರ್ಷ ಕಳೆದು ಪಹಣಿ ಬಂದರೂ ಅದರ ಸ್ಥಾನ ಅಷ್ಟೇ.

ನೆಲದೊಳಗಿನ ದಾಖಲೆ ಇನ್ನೂ ಹಳೆಯದು. ತಿ. ನರಸೀಪುರದ ಕೂಡಲಿನ ಬಳಿ ಎಂ. ಶೇಷಾದ್ರಿಯವರು ನವಶಿಲಾಯುಗದ ನೆಲೆಯನ್ನು ಉತ್ಖನನ ಮಾಡಿದರು. ವರದಿ 1971ರಲ್ಲಿ ಬಂತು. ಆ ಉತ್ಖನನದಲ್ಲಿ ಸಿಕ್ಕವುಗಳಲ್ಲಿ ಮಣ್ಣಿನ ತಲೆದಿಂಬುಗಳಿವೆ, ಅದೇ ತಾಲ್ಲೂಕಿನ ಹೆಮ್ಮಿಗೆಯಲ್ಲೂ ಸಿಕ್ಕಿವೆ. ಮಲಗುವಾಗ ಕತ್ತಿಗೆ ಆನಿಸಿಕೊಳ್ಳುವ ಇಂಥ ಗಟ್ಟಿ ದಿಂಬುಗಳನ್ನು ಪ್ರಾಚೀನ ಈಜಿಪ್ಟಿನವರು ಬಳಸುತ್ತಿದ್ದರು. ಕಾಂಗೊ ಕಣಿವೆಯ ಲೂಬಾ ಜನ ಮರದಲ್ಲಿ ಕೆತ್ತಿದ ತಲೆದಿಂಬುಗಳು ಲೋಕದ ವಸ್ತುಸಂಗ್ರಹಾಲಯಗಳಲ್ಲಿವೆ. ರೂಪ ಹೋಲುತ್ತದೆಂದು ನಂಟು ಕಟ್ಟಿಬಿಡುವುದು ಸಲ್ಲದು, ಬೇರೆ ಬೇರೆ ನಾಡಿನವರಿಗೆ ಒಂದೇ ಉಪಾಯ ಹೊಳೆಯಬಹುದು. ಆದರೆ ರಾಗಿಯ ವಿಷಯ ಬೇರೆ. ಅದು ಮೊದಲು ಕೃಷಿಗೆ ಒಗ್ಗಿದ್ದು ಪೂರ್ವ ಆಫ್ರಿಕಾದ ಎತ್ತರದ ನಾಡುಗಳಲ್ಲಿ ಎಂಬುದು ಸಸ್ಯವಿಜ್ಞಾನಿಗಳು ಒಪ್ಪಿದ ಮಾತು. ಕಪಿಲೆಯ ದಡದವರ ದಿನದ ಮುದ್ದೆ ಕಡಲು ದಾಟಿ ಬಂದ ಕಾಳಿನದು.

ಮಧ್ಯದ ಶತಮಾನಗಳನ್ನು ಬೇಗ ದಾಟುತ್ತೇನೆ. ಹದಿನಾಲ್ಕನೆಯ ಶತಮಾನದ ಮಾಧವಮಂತ್ರಿಯ ಹೆಸರಿನ ಕಟ್ಟೆ ತಲಕಾಡಿನ ಬಳಿ ಕಾವೇರಿಗೆ ಇದೆ. ಕಪಿಲೆಯ ನೀರೂ ಕೂಡಿ ಬರುವ ಜಾಗ ಅದು. ತಲಕಾಡನ್ನು ಮುಚ್ಚಿದ ಮರಳಿಗೆ, ಮೈಸೂರಿನ ದೊರೆಯ ಮೇಲೆ ಮುನಿದ ಅಲಮೇಲಮ್ಮನ ಶಾಪ ಕಾರಣವೆಂದು ಜನ ಹೇಳುತ್ತಾರೆ. ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು ಆ ಮರಳಿಗೂ ಈ ಕಟ್ಟೆಗೂ ನಂಟು ಕಟ್ಟಿದ್ದಾರೆ. ಕಟ್ಟೆ ನೀರು ತಡೆದದ್ದರಿಂದ ಹೊಳೆಯ ಪಾತ್ರದ ಮರಳು ಬಯಲಾಗಿ, ಗಾಳಿಗೆ ಊರ ಮೇಲೆ ಬಂತೆಂಬುದು ಅವರ ವಾದದ ತಿರುಳು. ನನಗೆ ಇದು ಒಪ್ಪಿಗೆ. ಶಾಪದ ಕತೆಯನ್ನೂ ಎಸೆಯಬೇಕಿಲ್ಲ. ದೊರೆಯಿಂದ ಊರಿಗೆ ಕೇಡಾಯಿತೆಂಬ ತಿಳಿವಳಿಕೆಯನ್ನು ಜನ ಉಳಿಸಿಕೊಂಡ ರೀತಿ ಅದು.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಕಂಪನಿಯ ಅಪ್ಪಣೆಯ ಮೇಲೆ ಮೈಸೂರು ಸೀಮೆ ತಿರುಗಿದ. 1807ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಅವನ ಪ್ರವಾಸಕಥನ ಹೊಲ, ಬೆಳೆ, ಜಾತಿ, ತೆರಿಗೆಗಳ ವಿವರದಿಂದ ತುಂಬಿದೆ. ಅದೇ ವರ್ಷಗಳಲ್ಲಿ ಕಾಲಿನ್ ಮೆಕೆಂಜಿ ಮೈಸೂರಿನ ಮೋಜಣಿ ನಡೆಸಿದ. ಅವನ ಜನ ಊರೂರಿನ ಶಾನುಭೋಗರಿಂದ, ಪೂಜಾರಿಗಳಿಂದ ಊರಿನ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಬರೆಸಿಕೊಂಡರು. 1804ರಲ್ಲಿ ಮಲೆಯೂರಿನ ಕನಕಗಿರಿಯಲ್ಲಿ ಮೆಕೆಂಜಿಯನ್ನು ಕಂಡ ಜೈನ ವಿದ್ವಾಂಸ ದೇವಚಂದ್ರ ಮುಂದೆ ‘ರಾಜಾವಳಿ ಕಥೆ’ ಬರೆದ. ಬುಕಾನನ್‌ನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಗಿ ಲೋಕಕ್ಕೆಲ್ಲ ಸಿಕ್ಕಿತು. ನಮ್ಮ ಸೀಮೆಯವನೇ ಕನ್ನಡದಲ್ಲಿ ಬರೆದದ್ದು ಬಹುಕಾಲ ಓಲೆಯಲ್ಲೇ ಇತ್ತು. ಕೈಫಿಯತ್ತುಗಳು ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರ ಸೇರಿದವು. ಕಪಿಲೆಯ ದಡದ ಮಾತು ಹುಡುಕುವವರು ಚೆನ್ನೈಗೆ ಹೋಗಬೇಕು. ಇದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಊರವರೇ ಬಿಟ್ಟುಹೋದ ದೊಡ್ಡ ದಾಖಲೆ ನಂಜನಗೂಡಿನ ಹಳೆಯ ಸೇತುವೆ. 1735ರಲ್ಲಿ ದಳವಾಯಿ ದೇವರಾಜಯ್ಯ ಕಪಿಲೆಗೆ ಕಲ್ಲಿನ ಕಮಾನುಗಳ ಸೇತುವೆ ಕಟ್ಟಿಸಿದ. ಅವನು ಹೊಳೆಗೆ ಪರಕೀಯನಲ್ಲ, ನಂಜನಗೂಡಿನ ಪಕ್ಕದ ಕಳಲೆಯ ಮನೆತನದವನು. ಸುಮಾರು ಒಂದೂವರೆ ಶತಮಾನ ಕಳೆದು ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದಾಗ ಹೊಸ ಸೇತುವೆ ಕಟ್ಟಲಿಲ್ಲ. ಗಾಡಿಗಳು ಓಡಾಡುವ ಅದೇ ಸೇತುವೆಯ ಮೇಲೆ ಹಳಿ ಹಾಸಿದರು. ಎತ್ತಿನ ಗಾಡಿಯ ಭಾರಕ್ಕೆಂದು ಕಟ್ಟಿದ ಕಮಾನು ಇಪ್ಪತ್ತೊಂದನೆಯ ಶತಮಾನದವರೆಗೂ ರೈಲಿನ ಭಾರ ಹೊತ್ತಿತು. ಬ್ರಾಡ್‌ಗೇಜ್ ಬಂದ ಮೇಲೆ ಪಕ್ಕದಲ್ಲಿ ಹೊಸದು ಎದ್ದು, ಹಳೆಯದು ಪಾರಂಪರಿಕ ಸೇತುವೆಯಾಗಿ ಉಳಿಯಿತು. ಕಮಾನುಗಳ ಎತ್ತರ, ಕಂಬಗಳ ನಡುವಿನ ಅಗಲ ಎಲ್ಲವೂ ಕಟ್ಟಿದವರಿಗೆ ನೆರೆಯ ಬಗ್ಗೆ ಏನು ಗೊತ್ತಿತ್ತೆಂಬುದರ ಸಾಕ್ಷಿ. ಹೊಳೆ ಎಷ್ಟು ಏರಬಹುದೆಂದು ತಿಳಿದವರು ಮಾತ್ರ ಹೀಗೆ ಕಟ್ಟಬಲ್ಲರು. ಶ್ರೀಕಂಠೇಶ್ವರ ಗುಡಿಯ ರಾಜಗೋಪುರವನ್ನು 1845ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಕಟ್ಟಿಸಿದರು. ಅದರ ಬಗ್ಗೆ ಬರೆದವರು ಬಹಳ. ಸೇತುವೆಯ ಬಗ್ಗೆ ಅಷ್ಟು ಆಸ್ಥೆಯಿಂದ ಬರೆಯಬೇಕಾಗಿದೆ.

ಹೊಳೆಯ ಹೆಸರು ಸರ್ಕಾರಿ ಕಾಗದದಲ್ಲಿ ಹಕ್ಕಿನ ಮಾತಾಗಿ ಬಂದದ್ದು 1892ರಲ್ಲಿ. ಆ ವರ್ಷದ ಫೆಬ್ರುವರಿ 18ರಂದು ಮದರಾಸಿಗೂ ಮೈಸೂರಿಗೂ ಆದ ಒಪ್ಪಂದದ ಜತೆಗೆ ಹದಿನೈದು ಮುಖ್ಯ ನದಿಗಳ ಪಟ್ಟಿಯಿದೆ. ಇವುಗಳ ಮೇಲೆ ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ಜತೆಗೆ ಕಬಿನಿಯೂ ಅದರಲ್ಲಿದೆ. ಎಲ್ಲೆಯ ಗೆರೆಯಾಗಿದ್ದ ಹೊಳೆ ಈಗ ಕಟ್ಟಳೆಗೆ ಒಳಗಾದ ಹೊಳೆಯಾಯಿತು. ಬರ್ಲಿನ್ನಿನಲ್ಲಿ ಕಾಂಗೊ ಕಣಿವೆಯ ವಿಚಾರವಾಗಿ ಸಹಿಗಳು ಬಿದ್ದು ಆಗ ಏಳು ವರ್ಷ. ಎರಡೂ ಕಡೆ ಸಹಿ ಹಾಕಿದವರಲ್ಲಿ ದಡದ ರೈತ ಒಬ್ಬನೂ ಇರಲಿಲ್ಲ.

1924ರ ಫೆಬ್ರುವರಿ 18ರಂದು, ಸರಿಯಾಗಿ ಅದೇ ತಾರೀಕಿಗೆ, ಎರಡನೆಯ ಒಪ್ಪಂದವಾಯಿತು. ಐದೇ ತಿಂಗಳಲ್ಲಿ, ಜುಲೈನಲ್ಲಿ, ಕಾವೇರಿ ಕಣಿವೆ ಹಿಂದೆ ಕಾಣದಂಥ ನೆರೆ ಕಂಡಿತು. ಅದೇ ಮಳೆಯನ್ನು ಘಟ್ಟದಾಚೆಯ ಮಲೆಯಾಳಿಗಳು ತಮ್ಮ ಪಂಚಾಂಗದ 1099ನೆಯ ವರ್ಷದ ಲೆಕ್ಕದಲ್ಲಿ ‘99ರ ನೆರೆ’ ಎನ್ನುತ್ತಾರೆ. ಒಂದೇ ಮೋಡ ಎರಡು ನಾಡಿನ ನೆನಪಿನಲ್ಲಿ ಎರಡು ಇಸವಿಯಾಗಿ ಕೂತಿದೆ. ಗಡಿಯ ಎರಡೂ ಕಡೆಯ ದಾಖಲೆ ಒಟ್ಟಿಗೆ ಓದಬೇಕೆನ್ನುವುದು ಇದಕ್ಕೇ.

1924ರ ಒಪ್ಪಂದದ ಕೆಲವು ಅಂಶಗಳನ್ನು ಐವತ್ತು ವರ್ಷಕ್ಕೆ ಮರುಪರಿಶೀಲಿಸಬೇಕಿತ್ತು. ಆ ಗಡುವು ಬಂದದ್ದು 1974ರಲ್ಲಿ. ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದದ್ದೂ 1974ರಲ್ಲಿ. ಗರಿಷ್ಠ ಮಟ್ಟ 2,284 ಅಡಿ, ಸಂಗ್ರಹ 19.52 ಟಿಎಂಸಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಮೂರನೆಯ ಸಂಪುಟವನ್ನು ಹೊರತಂದದ್ದೂ ಅದೇ 1974ರಲ್ಲಿ. ರೈಸ್ ಬೇರೆ ಬೇರೆ ಮಾಡಿದ್ದ ಹೆಗ್ಗಡದೇವನಕೋಟೆ, ನಂಜನಗೂಡುಗಳ ಶಾಸನಗಳು ಗುಂಡ್ಲುಪೇಟೆಯವುಗಳ ಜತೆಗೆ ಈ ಸಂಪುಟದಲ್ಲಿ ಒಂದಾದವು. ದಡದ ಕಲ್ಲುಗಳು ಪುಸ್ತಕದಲ್ಲಿ ಒಟ್ಟು ಸೇರುತ್ತಿದ್ದ ಹೊತ್ತಿಗೆ ಕಿತ್ತೂರು, ಟಾಲೆಮಿಗೆ ಗೊತ್ತಿದ್ದ ಆ ರಾಜ್ಯದ ರಾಜಧಾನಿ, ಹಿನ್ನೀರಿನ ಅಡಿಗೆ ಹೋಯಿತು. 1971ರಲ್ಲಿ ಆನೆ ಹಿಡಿಯುವ ಕಡೆಯ ಖೆಡ್ಡಾ ನಡೆದ ಕಾಕನಕೋಟೆಯ ಕಾಡಿನ ಒಂದು ಪಾಲು ಮುಳುಗಿತು. ಜೇನುಕುರುಬರ, ಕಾಡುಕುರುಬರ ಹಾಡಿಗಳು ಒಕ್ಕಲೆದ್ದವು. ಮುಳುಗಿದ ಊರುಗಳ ಭೂಸ್ವಾಧೀನದ ಪತ್ರಗಳಲ್ಲಿ ಪಟ್ಟಾ ಇದ್ದವರ ಹೆಸರಿರುತ್ತದೆ. ಕಾಡಿನಲ್ಲಿ ಪಟ್ಟಾ ಇಲ್ಲದೆ ಬದುಕಿದವರಿಗೆ ಅಲ್ಲಿ ಜಾಗವಿಲ್ಲ. ಈ ಹೊಳೆಯ ದಾಖಲೆಗಳ ದೊಡ್ಡ ಅನ್ಯಾಯ ಇದು. ಆ ಹಾಡಿಗಳ ಹಿರಿಯರು ಇರುವಾಗಲೇ ಅವರ ಮಾತನ್ನು ಬರೆದಿಟ್ಟುಕೊಳ್ಳಬೇಕು, ಕೈಫಿಯತ್ತು ಬರೆಸಿಕೊಂಡಷ್ಟೇ ಕಾಳಜಿಯಿಂದ.

ಅಲ್ಲಿಂದ ಮುಂದಿನದು ನ್ಯಾಯಾಧಿಕರಣದ ಕಾಗದ. 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಾಧಿಕರಣ 2007ರ ಫೆಬ್ರುವರಿ 5ರಂದು ಅಂತಿಮ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ಏರಿಸಿತು. ಕೇರಳಕ್ಕೆ ಸಿಕ್ಕ 30 ಟಿಎಂಸಿಯಲ್ಲಿ 21 ಕಬಿನಿ ಕಣಿವೆಯದು. ವಯನಾಡಿನ ಬಾಣಾಸುರ ಸಾಗರದಲ್ಲಿ ಕಬಿನಿಯ ಉಪನದಿಯೊಂದರ ನೀರನ್ನು ಹಿಡಿದು ಕುಟ್ಯಾಡಿ ವಿದ್ಯುತ್ ಯೋಜನೆಗಾಗಿ ಪಡುವಣಕ್ಕೆ ತಿರುಗಿಸುತ್ತಾರೆ. ಮೂಡಣಕ್ಕೆ ಹರಿಯಬೇಕಿದ್ದ ನೀರಿನ ಒಂದು ಪಾಲು ಹೀಗೆ ಅರಬ್ಬೀ ಕಡಲಿನ ದಾರಿ ಹಿಡಿಯುತ್ತದೆ. ಉಳಿದದ್ದು ಒಮ್ಮೊಮ್ಮೆ ಒಟ್ಟಿಗೆ ಬರುತ್ತದೆ. 2018ರ ಆಗಸ್ಟ್‌ನಲ್ಲಿ ವಯನಾಡಿನ ಮಳೆಗೆ ನಂಜನಗೂಡಿನ ತಗ್ಗು ಬೀದಿಗಳಿಗೆ ನೀರು ನುಗ್ಗಿತು, ಮೈಸೂರಿನ ಹೆದ್ದಾರಿ ಬಂದ್ ಆಯಿತು. ಮರುವರ್ಷವೂ ಹಾಗೇ ಆಯಿತು. ದೇವನೂರು ಸೀಮೆಯಲ್ಲಿ ಬಿಸಿಲಿದ್ದ ದಿನವೂ ಹೊಳೆ ಏರಬಹುದು. ಮೋಡ ಒಡೆದದ್ದು ಬೇರೆ ರಾಜ್ಯದಲ್ಲಿ.

ಕಪಿಲೆಯನ್ನು ಅದರ ಸ್ವಂತ ಹೆಸರಿನಲ್ಲಿ, ಗಡಿಯ ಎರಡೂ ಕಡೆ, ದಿನದಿನವೂ ಬರೆದಿಡುವ ಒಂದು ಕಚೇರಿಯ ರಿಜಿಸ್ಟರುಗಳು ಈಗ ಇವೆ. ಕೇಂದ್ರ ಜಲ ಆಯೋಗಕ್ಕೆ ಈ ಹೊಳೆಯ ಮೇಲೆ ಅಳತೆಯ ನೆಲೆಗಳಿವೆ, ಮೇಲೆ ವಯನಾಡಿನ ಮುತ್ತಂಕೆರದಲ್ಲಿ, ಕೆಳಗೆ ತಿ. ನರಸೀಪುರದಲ್ಲಿ. ನೀರಿನ ಮಟ್ಟ, ಹರಿವು ಎಂದು ಸಾಲು ಸಾಲು ಅಂಕಿ. ಶಾಸನದ ಭಾಷೆಯೂ ಇಲ್ಲ, ತೀರ್ಪಿನ ಗತ್ತೂ ಇಲ್ಲ. ಮುತ್ತಂಕೆರದ ಒಂದು ದಿನದ ಅಂಕಿಯ ಪಕ್ಕ ನರಸೀಪುರದ ಮುಂದಿನ ದಿನಗಳ ಅಂಕಿ ಇಟ್ಟು, ನಡುವೆ ಬೀಚನಹಳ್ಳಿಯ ಗೇಟಿನ ಲೆಕ್ಕ ಸೇರಿಸಿದರೆ, ನೆರೆಯ ನೀರು ಎಲ್ಲಿ ಎಷ್ಟು ತಡೆಯಿತು, ಯಾವಾಗ ಬಿಟ್ಟರು, ನಂಜನಗೂಡಿನವರಿಗೆ ಎಷ್ಟು ಗಂಟೆ ಸಿಕ್ಕಿತು ಎಂದು ಹೇಳಬಹುದು. ಹಾಡಿಯ ಹಿರಿಯರ ಮಾತು, ಸೇತುವೆಯ ಕಮಾನಿನ ಎತ್ತರ, 1924ರ ನೆರೆಯ ನೆನಪು, ಇವನ್ನೆಲ್ಲ ಈ ಅಂಕಿಗಳ ಪಕ್ಕದಲ್ಲಿಟ್ಟು ಓದುವ ಕೆಲಸ ಶುರುವಾಗಬೇಕು. ನಾನು 2018ರ ಆಗಸ್ಟ್ ತಿಂಗಳ ಅಂಕಿಗಳಿಂದ ಶುರು ಮಾಡಿದ್ದೇನೆ.